ಧಣಿಯ ನೀರಿನ ಬಟ್ಟಲು

ಹೆಬ್ಬಗೋಡಿಯಲ್ಲಿ ಪಿಳ್ಳಮ್ಮನ ವಠಾರಕ್ಕೆ ಬಂದು ಚನ್ನಕ್ಕನ ಮನೆ ಯಾವುದು ಎಂದು ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಿದ್ದರು. ಧಣಿಯ ಅವ್ವನ ಮನೆ ಎಂದರೆ ಸಾಕು, ಮೂಗು ಒರೆಸಿಕೊಳ್ಳಲು ಬಾರದ ಕೂಸೂ ಕೈ ಹಿಡಿದು ಕರೆದೊಯ್ಯುತ್ತಿತ್ತು.

ಧಣಿ ಎಂದರೆ ಬೆಕ್ಕು. ಬೂದಿ ಬಣ್ಣದ ಗಂಡುಬೆಕ್ಕು. ಕಿಟಕಿಯ ಕಟ್ಟೆಯ ಮೇಲೆ ಮುಂಗಾಲು ಮಡಚಿ ಕೂತು, ಅರ್ಧ ಕಣ್ಣು ಮುಚ್ಚಿ, ನಲ್ಲಿಗೆ ಬರುವವರನ್ನೂ ಹೋಗುವವರನ್ನೂ ತನ್ನ ಹೊಲದ ಆಳುಗಳೇನೋ ಎಂಬಂತೆ ನೋಡುತ್ತಿದ್ದುದರಿಂದ ಚನ್ನಕ್ಕನ ಗಂಡ ಬಸಲಿಂಗ ಆ ಹೆಸರಿಟ್ಟ. ಬೆಕ್ಕಿಗೆ ಯಾರಾದರೂ ‘ಅವನು’ ಅನ್ನುತ್ತಾರೆಯೇ ಎಂದು ಕೇಳುವವರು ಕೇಳಲಿ. ಚನ್ನಕ್ಕ ಹಾಗೆಯೇ ಅನ್ನುತ್ತಿದ್ದಳು. ಅವಳ ಕತೆ ಹೇಳುವಾಗ ನಾವೂ ಹಾಗೆ ಅಂದರೆ ಯಾರ ಗಂಟೂ ಹೋಗುವುದಿಲ್ಲ.

ಚನ್ನಕ್ಕ ಹುನಗುಂದದ ಕಡೆಯವಳು. ವಯಸ್ಸು ಆಧಾರ್ ಕಾರ್ಡಿನ ಪ್ರಕಾರ ನಲವತ್ತಾರು, ತಮ್ಮ ಪರಮಾನಂದ ಹೇಳುವ ಪ್ರಕಾರ ಐವತ್ತರ ಹತ್ತಿರ. ಹನ್ನೆರಡು ವರ್ಷದ ಹಿಂದೆ ಊರಿನ ಮಡಿವಾಳಪ್ಪ ಎನ್ನುವವನು ಬಸಲಿಂಗನಿಗೆ ಪ್ಲಾಸ್ಟಿಕ್ ಡಬ್ಬಿ ಮಾಡುವ ಫ್ಯಾಕ್ಟರಿಯಲ್ಲಿ ಕೆಲಸ ಕೊಡಿಸಿದ. ಗಂಡ ಹೆಂಡತಿ ಎರಡು ಟ್ರಂಕು, ನಾಲ್ಕು ಕೌದಿ ಹೊತ್ತುಕೊಂಡು ಬಂದು ಇಳಿದರು. ಅವಳಿಗೂ ಎಲೆಕ್ಟ್ರಾನಿಕ್ ಸಿಟಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಹೌಸ್‌ಕೀಪಿಂಗ್ ಕೆಲಸ ಸಿಕ್ಕಿತು. ಊರಲ್ಲಿದ್ದಾಗ ಎರಡು ಸಲ ಬಸುರಾಗಿದ್ದಳು, ಎರಡು ಸಲವೂ ಕೂಸು ಉಳಿದಿರಲಿಲ್ಲ. ಆ ಮಾತನ್ನು ಅವಳಾಗಿ ಯಾರ ಮುಂದೆಯೂ ಎತ್ತುತ್ತಿರಲಿಲ್ಲ. ಎತ್ತಿದವರ ಮನೆಗೆ ಮತ್ತೆ ಹೋಗುತ್ತಿರಲಿಲ್ಲ.

ಅವನದು ಕಾಯಂ ರಾತ್ರಿ ಪಾಳಿ, ಅವಳದು ಹಗಲು. ಅವಳು ಬೆಳಿಗ್ಗೆ ಆರೂವರೆಗೆ ಬೀಗ ಹಾಕಿ ಹೊರಟರೆ ಅವನು ಏಳೂವರೆಗೆ ಬಂದು ಬೀಗ ತೆಗೆದು ಮಲಗುತ್ತಿದ್ದ. ಅವಳು ನಾಲ್ಕೂವರೆಗೆ ಮನೆ ಸೇರಿದರೆ ಅವನು ಎಂಟೂವರೆಗೆ ಡಬ್ಬಿ ಹಿಡಿದು ಹೊರಡುತ್ತಿದ್ದ. ಒಂದೇ ಕೌದಿ, ಹಗಲು ಅವನದು, ರಾತ್ರಿ ಅವಳದು. ಸಂಸಾರ ಎಂದರೆ ದಿನಕ್ಕೆ ನಾಲ್ಕು ತಾಸು, ಅದರಲ್ಲೇ ರೊಟ್ಟಿ ಬಡಿಯುವುದು, ಉಣ್ಣುವುದು, ಪಾತ್ರೆ ತಿಕ್ಕುವುದು. ಹೀಗೆ ಬದುಕುವ ಗಂಡ ಹೆಂಡಿರಿಗೆ ಜಗಳವಾಡಲೂ ಪುರುಸೊತ್ತಿಲ್ಲ. ನಮ್ಮ ಜನ ಇದನ್ನು ಅನ್ಯೋನ್ಯ ಅನ್ನುತ್ತಾರೆ.

ಎರಡು ಬೇಸಿಗೆಯ ಹಿಂದೆ, ಅಪಾರ್ಟ್‌ಮೆಂಟಿನ ಕಾರು ನಿಲ್ಲಿಸುವ ನೆಲಮಾಳಿಗೆಯಲ್ಲಿ ಯಾವುದೋ ಕಾರಿನ ಒಳಗಿಂದ ಮರಿಯೊಂದರ ಕೂಗು ಕೇಳಿಸಿತು. ಬಾನೆಟ್ ತೆಗೆಸಿ, ತೋಳು ಗೀರಿಸಿಕೊಂಡು, ಚನ್ನಕ್ಕನೇ ಅದನ್ನು ಹೊರಗೆಳೆದಳು. ಮುಷ್ಟಿಯಲ್ಲಿ ಹಿಡಿಯುವಷ್ಟಿತ್ತು. ಸೆರಗಲ್ಲಿ ಸುತ್ತಿಕೊಂಡು ಮನೆಗೆ ತಂದಾಗ ಬಸಲಿಂಗ ಮುಖ ಗಂಟಿಕ್ಕಿ, ‘ಇದನ್ನ ಎಲ್ಲಿಂದ ತಂದಿಯೋ ಅಲ್ಲೇ ಬಿಟ್ಟ ಬಾ’ ಎಂದ. ಮೂರನೆಯ ದಿನ ಅವಳು ಕೆಲಸದಿಂದ ಬಂದು ನೋಡಿದರೆ, ಹಗಲೆಲ್ಲ ನಿದ್ದೆ ಮಾಡಬೇಕಾದ ಗಂಡ ಗೋಡೆಗೆ ಒರಗಿ ಕೂತಿದ್ದ. ಮರಿ ಅವನ ಹೊಟ್ಟೆಯ ಮೇಲೆ ಮಲಗಿತ್ತು. ಎದ್ದರೆ ಅದಕ್ಕೆ ಎಚ್ಚರವಾಗುತ್ತದೆ ಎಂದು ಮೂತ್ರಕ್ಕೂ ಏಳದೆ ಕೂತಿದ್ದನಂತೆ ಪುಣ್ಯಾತ್ಮ.

ಅಲ್ಲಿಂದ ಮನೆಯಲ್ಲಿ ಮಾತು ಶುರುವಾಯಿತು. ‘ಇವತ್ತ ಧಣಿ ಏನ ಮಾಡಿದಾ?’ ಎಂದು ಅವಳು ಕೇಳುತ್ತಿದ್ದಳು. ಅವನು ಹೇಳುತ್ತಿದ್ದ. ಹಲ್ಲಿ ಹಿಡಿದದ್ದು, ಗ್ಯಾಸ್ ಸಿಲಿಂಡರಿನ ಹಿಂದೆ ಸಿಕ್ಕಿಹಾಕಿಕೊಂಡದ್ದು, ಪಿಳ್ಳಮ್ಮನ ಕೋಳಿಯನ್ನು ಕಿಟಕಿಯಿಂದಲೇ ಹೆದರಿಸಿದ್ದು. ಬೀದಿಯಲ್ಲಿ ನಾಯಿಗಳ ಕಾಟ, ಆಚೆ ಹೊಸೂರು ರಸ್ತೆ. ಹಾಗಾಗಿ ಧಣಿಯನ್ನು ಹೊರಗೆ ಬಿಡುತ್ತಿರಲಿಲ್ಲ. ಮೂಲೆಯಲ್ಲಿ ಒಂದು ಹಳೆಯ ಬೇಸಿನ್ನು, ಅದರಲ್ಲಿ ಮರಳು. ಎಲ್ಲ ಅದರಲ್ಲೇ ಮಾಡಿ ಮುಚ್ಚುತ್ತಿದ್ದ. ಮರಳು ಬದಲಿಸುವುದು ಬಸಲಿಂಗನ ಪಾಲಿನ ಕೆಲಸ.

ಹಾಲಲ್ಲಿ ಕಿವುಚಿದ ರೊಟ್ಟಿ, ಮಜ್ಜಿಗೆ ಅನ್ನ, ಇಷ್ಟೇ ಅವನ ಊಟ. ಕಳೆದ ಸಂಕ್ರಾಂತಿ ಆದಮೇಲೆ ಅಪಾರ್ಟ್‌ಮೆಂಟಿನ ಐದನೆಯ ಮಹಡಿಯ ಮಂಜುಶ್ರೀ ಮೇಡಂ ತಮ್ಮ ಬೆಕ್ಕು ಮೂಸಿಯೂ ನೋಡದ ಒಣ ಕಾಳಿನಂಥ ಆಹಾರದ ದೊಡ್ಡ ಚೀಲವೊಂದನ್ನು ಚನ್ನಕ್ಕನಿಗೆ ಕೊಟ್ಟರು. ‘ಇದು ಡ್ರೈ ಫುಡ್ ಚನ್ನಕ್ಕ, ಪಕ್ಕದಲ್ಲಿ ಯಾವಾಗ್ಲೂ ನೀರು ಇಟ್ಟಿರಿ’ ಅಂತಲೂ ಹೇಳಿದರು. ಚನ್ನಕ್ಕ ಒಂದು ಸ್ಟೀಲ್ ಬಟ್ಟಲನ್ನು ಅದಕ್ಕೆಂದೇ ತೆಗೆದಿಟ್ಟಳು. ದೊಡ್ಡ ಮನೆಯ ಬೆಕ್ಕುಗಳು ತಿನ್ನುವ ಊಟವನ್ನು ತನ್ನ ಧಣಿ ಕಟುಂ ಕುಟುಂ ಎಂದು ಕಡಿಯುವುದನ್ನು ನೋಡಿ ಅವಳಿಗೆ ಎಷ್ಟು ಹೆಮ್ಮೆ! ಪಕ್ಕದ ಮನೆಯವರನ್ನು ಕರೆದು ತೋರಿಸಿದಳು.

ಯುಗಾದಿ ಕಳೆಯಿತು, ಬಿಸಿಲು ಏರಿತು, ಪಿಳ್ಳಮ್ಮನ ಬೋರ್‌ವೆಲ್ ಬತ್ತಿತು. ಟ್ಯಾಂಕರ್ ಬಂದು ಸಂಪು ತುಂಬಿದರೆ ದಿನ ಬಿಟ್ಟು ದಿನ, ಒಂದೇ ಒಂದು ತಾಸು ನಲ್ಲಿ. ಹದಿನಾರು ಮನೆಯವರು ಕೊಡ ಹಿಡಿದು ನಿಲ್ಲುತ್ತಿದ್ದರು. ಕೌದಿ, ಕಂಬಳಿ ಒಗೆಯುವಂತಿಲ್ಲ ಎಂದು ಪಿಳ್ಳಮ್ಮ ಸಂಪಿನ ಮುಚ್ಚಳದ ಮೇಲೆ ನಿಂತೇ ಕೂಗಿ ಹೇಳಿದ್ದಳು.

ಸರಿಯಾಗಿ ಆ ವಾರವೇ ಧಣಿ ಕೌದಿಯ ಮೇಲೆ ಉಚ್ಚೆ ಹೊಯ್ದ.

ಒಂದು ಸಲ ಅಲ್ಲ. ಇಲ್ಲಿ ನಾಲ್ಕು ಹನಿ, ಅಲ್ಲಿ ನಾಲ್ಕು ಹನಿ. ಮರಳಿನ ಬೇಸಿನ್ನು ಬಿಟ್ಟು ಚಾಪೆಯ ಮೇಲೆ, ಬಾಗಿಲ ಹತ್ತಿರ, ಬಸಲಿಂಗನ ಅಂಗಿಯ ಮೇಲೆ. ಮೈಗೆ ಏನೋ ಆಗಿದೆ ಎಂದು ಧಣಿ ತನ್ನ ಭಾಷೆಯಲ್ಲಿ ಹೇಳುತ್ತಿದ್ದ. ಅದು ಯಾರಿಗೆ ತಿಳಿಯಬೇಕು? ಮೂರೇ ದಿನದಲ್ಲಿ ಬಿಸಿಲಿಗೆ ವಾಸನೆ ಎದ್ದು ಅಂಗಳಕ್ಕೆ ಹರಡಿತು. ಪಿಳ್ಳಮ್ಮ ಬಾಗಿಲಿಗೇ ಬಂದಳು. ಅವಳು ಹೆಬ್ಬಗೋಡಿ ಬರೀ ರಾಗಿ ಹೊಲವಾಗಿದ್ದಾಗಿನಿಂದ ಅಲ್ಲೇ ಇದ್ದವಳು. ಮಾತು ಒರಟು.

‘ನೋಡ್ ಚನ್ನಕ್ಕ, ಬೆಕ್ ಸಾಕ್ಬ್ಯಾಡ ಅಂತ ನಾನ್ ಯಾವತ್ತಾರಾ ಅಂದಿದೀನಾ? ಇಂಗ್ ಗಬ್ಬುನಾತ ವಡುದ್ರೆ ಎಂಗೆ? ಒಗಿಯಾಕೆ ನೀರಿಲ್ಲ. ಇಲ್ಲ ಬೆಕ್ಕನ್ ಬುಡು, ಇಲ್ಲ ಮನೆ ಬುಡು.’

ಅಂಥ ಬಾಡಿಗೆಗೆ ಅಂಥ ಮನೆ ಬೇರೆ ಎಲ್ಲೂ ಸಿಗುವಂತಿರಲಿಲ್ಲ. ಧಣಿಯನ್ನು ಬಿಡುವ ಮಾತಂತೂ ಚನ್ನಕ್ಕನ ಮನಸ್ಸಿನ ಹೊಸ್ತಿಲೂ ದಾಟಲಿಲ್ಲ. ಆ ರಾತ್ರಿ ಒಬ್ಬಳೇ ಕೂತು ಯೋಚಿಸಿದಾಗ ಅವಳಿಗೆ ತಮ್ಮನ ನೆನಪಾಯಿತು. ತಾಯಿ ಇಲ್ಲದ ಪರಮಾನಂದನನ್ನು ಬೆಳೆಸಿದವಳು ಅವಳೇ. ಒಂಬತ್ತು ವರ್ಷದವರೆಗೆ ಹಾಸಿಗೆ ಒದ್ದೆ ಮಾಡುತ್ತಿದ್ದ. ಆಗ ಸೋದರತ್ತೆ ಹೇಳಿಕೊಟ್ಟಿದ್ದಳು, ದೀಪ ಹಚ್ಚಿದ ಮೇಲೆ ಹುಡುಗನಿಗೆ ಒಂದು ಗುಟುಕೂ ನೀರು ಕೊಡಬೇಡ ಎಂದು. ಅವನು ಅತ್ತರೂ ಕೊಡಲಿಲ್ಲ. ಒಂದು ತಿಂಗಳಿಗೆ ಚಟ ಬಿಟ್ಟಿತ್ತು. ಈಗ ಅವನು ಇಳಕಲ್ಲಿನಲ್ಲಿ ಅಂಗಡಿ ಇಟ್ಟುಕೊಂಡು ಗಟ್ಟಿಮುಟ್ಟಾಗಿದ್ದಾನೆ. ಮನುಷ್ಯನ ಕೂಸಿಗೆ ಆದದ್ದು ಬೆಕ್ಕಿಗೆ ಆಗದೇನು?

ಮರುದಿನ ಸಂಜೆ ಎಂಟೂವರೆಗೆ ಗಂಡ ಹೊರಟ ಕೂಡಲೇ ಅವಳು ನೀರಿನ ಬಟ್ಟಲನ್ನು ಎತ್ತಿ ಗೋಡೆಯ ಮಾಡದಲ್ಲಿ ಇಟ್ಟಳು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ತುಂಬಿಸಿ ಕೆಳಗಿಟ್ಟಳು. ಗಂಡನಿಗೆ ಹೇಳಲಿಲ್ಲ. ಮೂಕ ಪ್ರಾಣಿಗೆ ನೀರು ತಪ್ಪಿಸುತ್ತೀಯಾ ಎಂದು ಅವನು ಬೈದಾನು ಎಂಬ ಅಂಜಿಕೆ.

ಸಂಜೆ ಬಂದು ನೋಡಿದರೆ ಬಟ್ಟಲು ಖಾಲಿ. ತಳದಲ್ಲಿ ಒಂದಿಷ್ಟು ತೇವ ಮಾತ್ರ. ಅವಳ ಎದೆ ಹಗುರಾಯಿತು. ಹಗಲೆಲ್ಲ ಹೊಟ್ಟೆ ತುಂಬ ಕುಡಿದಿದ್ದಾನೆ, ಇನ್ನು ಒಂದು ರಾತ್ರಿ ಇಲ್ಲದಿದ್ದರೆ ಏನು ಮಹಾ ಎಂದುಕೊಂಡು, ಒಂದು ಚೂರು ಹಾಲು ಹಾಕಿ ಸುಮ್ಮನಾದಳು. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ದಿನಾ ತುಂಬಿದ ಬಟ್ಟಲು ದಿನಾ ಖಾಲಿಯಾಗುತ್ತಿತ್ತು.

ಒಂದು ರಾತ್ರಿ ಧಣಿ ಬಚ್ಚಲಿಗೆ ಹೋಗಿ ಒದ್ದೆ ನೆಲವನ್ನು ನೆಕ್ಕುತ್ತಿದ್ದ. ಬಹಳ ಹೊತ್ತು ನೆಕ್ಕಿದ. ನಲ್ಲಿಯ ಬಾಯಿಗೆ ನಾಲಿಗೆ ಹಚ್ಚಿದ, ಅದರಲ್ಲಿ ಏನೂ ಇರಲಿಲ್ಲ. ಚನ್ನಕ್ಕ ನಕ್ಕಳು. ‘ಮನ್ಯಾಗ ಹಾಲ ಇದ್ರೂ ಬಚ್ಚಲ ನೆಕ್ಕಾಕ ಹೋಗ್ತಿಯಲ್ಲೋ ಧಣಿ’ ಎಂದು ಎತ್ತಿಕೊಂಡು ಬಂದು ಬಚ್ಚಲ ಬಾಗಿಲು ಹಾಕಿದಳು.

ಕೌದಿಯ ಮೇಲಿನ ಹನಿಗಳು ಕಡಿಮೆಯಾಗುತ್ತ ಬಂದವು. ಹತ್ತನೆಯ ದಿನಕ್ಕೆ ಪೂರ್ತಿ ನಿಂತವು. ವಾಸನೆ ಹೋಯಿತು. ಪಿಳ್ಳಮ್ಮ ಬಾಗಿಲಲ್ಲಿ ನಿಂತು ಮೂಗೆಳೆದು ನೋಡಿ ‘ಆಂ, ಇಂಗಿರ್ಬೇಕು’ ಎಂದು ಹೋದಳು. ಸೋದರತ್ತೆಯ ಬುದ್ಧಿ ದೊಡ್ಡದು ಎಂದು ಚನ್ನಕ್ಕ ಮನಸ್ಸಿನಲ್ಲೇ ಕೈ ಮುಗಿದಳು.

ಶುಕ್ರವಾರ ಸಂಜೆ ಧಣಿ ಮರಳಿನ ಬೇಸಿನ್ನಿನಲ್ಲಿ ಕೂತು ತಿಣುಕಿದ. ಇಳಿದು ಬಂದ, ಮತ್ತೆ ಹೋಗಿ ಕೂತ. ಸಣ್ಣಗೆ ನರಳಿದ. ಮರಳು ಕೆದರಿ ನೋಡಿದರೆ ಏನೂ ಇಲ್ಲ.

‘ಹೊಟ್ಟಿ ಕಟ್ಟೇತಿ ನೋಡ್ರಿ ಇವಂಗ’ ಎಂದಳು ಚನ್ನಕ್ಕ.

‘ಆ ಒಣಾ ಕಾಳ ತಿಂದ್ರ ಇನ್ನೇನಾಕ್ಕೈತಿ? ಔಡಲೆಣ್ಣಿ ಹಾಕು’ ಎಂದ ಬಸಲಿಂಗ.

ಕೂಸುಗಳಿಗೆ ಹೊಟ್ಟೆ ಕಟ್ಟಿದರೆ ಅವರ ಊರಲ್ಲಿ ಔಡಲೆಣ್ಣೆಯೇ, ಅಂದರೆ ಹರಳೆಣ್ಣೆಯೇ, ಔಷಧ. ಅವನು ಹಿಡಿದುಕೊಂಡ, ಅವಳು ಬಾಯಿಗೆ ಬಿಟ್ಟಳು. ಶನಿವಾರ ಧಣಿ ವಾಂತಿ ಮಾಡಿಕೊಂಡ. ಕಾಳು ಮುಟ್ಟಲಿಲ್ಲ, ಹಾಲು ಮೂಸಲಿಲ್ಲ. ಎಣ್ಣೆ ಕೆಲಸ ಮಾಡುತ್ತಿದೆ, ಹೊಟ್ಟೆ ತೊಳೆಯುವಾಗ ಹಾಗೇ ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡರು. ರಾತ್ರಿ ಅವನು ಮಂಚದ ಕೆಳಗೆ ಟ್ರಂಕಿನ ಹಿಂದೆ ಸೇರಿಕೊಂಡ. ಕರೆದರೆ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಬಸಲಿಂಗ ಪಾಳಿ ಮುಗಿಸಿ ಬಂದವನು ಟ್ರಂಕು ಸರಿಸಿ ಅವನನ್ನು ಹೊರಗೆತ್ತಿದ. ಮೈ ತಣ್ಣಗಿತ್ತು, ಕುತ್ತಿಗೆ ಜೋಲುತ್ತಿತ್ತು. ಬಸಲಿಂಗ ಊಟದ ಡಬ್ಬಿಯನ್ನು ಹೆಗಲಿಂದ ಇಳಿಸಲೂ ಇಲ್ಲ. ‘ನಡಿ, ಡಾಕ್ಟರ ಕಡೆ’ ಎಂದ.

ರಸ್ತೆಯಾಚೆಯ ಪ್ರಾಣಿಗಳ ದವಾಖಾನೆಯಲ್ಲಿ ವಿನಾಯಕ್ ಎಂಬ ಡಾಕ್ಟರು ಇದ್ದರು, ಇನ್ನೂ ಚಿಕ್ಕ ವಯಸ್ಸು. ಧಣಿಯ ಹೊಟ್ಟೆಯನ್ನು ಎರಡು ಬೆರಳಿಂದ ಮುಟ್ಟಿದವರೇ ಮುಖ ಎತ್ತಿ, ‘ಯೂರಿನ್ ಆಗಿ ಎಷ್ಟು ದಿನ ಆಯ್ತು?’ ಎಂದರು.

‘ಹೊಟ್ಟಿ ಕಟ್ಟೇತ್ರಿ ಸರ್. ಔಡಲೆಣ್ಣಿ ಹಾಕೇವಿ.’

‘ಹೊಟ್ಟೆ ಅಲ್ಲಮ್ಮ. ಮೂತ್ರ ಕಟ್ಕೊಂಡಿದೆ. ಚೀಲ ತುಂಬಿ ಕಲ್ಲಾಗಿದೆ ನೋಡಿ, ಮುಟ್ಟಿ.’

ಅವಳು ಮುಟ್ಟಿದಳು. ಮೋಸಂಬಿಯಷ್ಟು ದಪ್ಪಗೆ, ಗಟ್ಟಿಯಾಗಿತ್ತು. ದಿನಾ ಎತ್ತಿ ಆಡಿಸಿದ ಮೈಯೊಳಗೆ ಇಂಥದ್ದೊಂದು ಬೆಳೆದದ್ದು ತನ್ನ ಕೈಗೆ ತಿಳಿಯಲಿಲ್ಲವಲ್ಲ ಎಂದು ಅವಳು ಅಂಗೈ ನೋಡಿಕೊಂಡಳು.

ಡಾಕ್ಟರು ಸಣ್ಣ ನಳಿಕೆ ಹಾಕಿ ಮೂತ್ರ ತೆಗೆದರು. ಕೆಂಪಗಿತ್ತು, ತಳದಲ್ಲಿ ಹಿಟ್ಟಿನಂಥ ಮರಳು ಕೂತಿತ್ತು. ರಕ್ತ ತೆಗೆದು ಪರೀಕ್ಷೆಗೆ ಹಾಕಿದರು, ಮುಂಗಾಲಿಗೆ ಡ್ರಿಪ್ ಏರಿಸಿದರು. ಕಿಡ್ನಿಗೆ ಬಹಳ ಪೆಟ್ಟು ಬಿದ್ದಿದೆ, ಹೃದಯವೂ ಸರಿಯಾಗಿ ಹೊಡೆದುಕೊಳ್ಳುತ್ತಿಲ್ಲ, ನೋಡೋಣ ಎಂದರು. ಆಮೇಲೆ ಕಾಗದ ಎಳೆದುಕೊಂಡು ಕೇಳಿದರು.

‘ಏನ್ ತಿನ್ನತ್ತೆ?’

ಚನ್ನಕ್ಕ ಹೇಳಿದಳು.

‘ನೀರು?’

‘ಭಾಳ ಕುಡೀತಾನ್ರಿ. ಮುಂಜಾನೆ ಬಟ್ಟಲ ತುಂಬಾ ಇಟ್ಟು ಹೋಗ್ತೀನ್ರಿ, ಸಂಜಿಕ ಖಾಲಿ ಆಗಿರತೈತಿ’ ಎಂದಳು. ಆಮೇಲೆ, ಡಾಕ್ಟರ ಮುಂದೆ ಮುಚ್ಚಿಡಬಾರದು ಎನ್ನಿಸಿ, ಗಂಡನ ಕಡೆ ನೋಡದೆ, ‘ರಾತ್ರಿ ಅಷ್ಟ ನಾ ಬಟ್ಟಲ ಎತ್ತಿಡ್ತಿದ್ದೆ. ಅಲ್ಲಿ ಇಲ್ಲಿ ಹನಿ ಹನಿ ಹೊಯ್ದು ಹಾಸಿಗಿ ಹಸಿ ಮಾಡ್ತಾನಂತ. ಹತ್ತ ಹನ್ನೆರಡ ದಿನಾ ಆತ್ರಿ’ ಎಂದಳು.

ಬಸಲಿಂಗ ಅವಳ ಕಡೆ ತಿರುಗಿದ.

‘ರಾತ್ರಿ ನೀ ನೀರ ಇಟ್ಟಿಲ್ಲೇನು?’ ಎಂದ.

‘ಹಗಲೆಲ್ಲಾ ಕುಡೀತಿದ್ನೆಲ್ಲ...’

‘ಹಗಲ ನಾ ಎತ್ತಿಡ್ತಿದ್ದೆ’ ಎಂದ ಬಸಲಿಂಗ. ದನಿ ಬಹಳ ಮೆಲ್ಲಗಿತ್ತು. ‘ಪಿಳ್ಳಮ್ಮ ಹಗಲ ಅಡ್ಡಾಡತಾಳ, ನಾತ ಬಂದ್ರ ಮತ್ತ ಬಾಗಲಿಗೆ ಬರ್ತಾಳಂತ. ನೀ ಬರೂ ಮುಂದ ಬಟ್ಟಲಾ ತೋಯ್ಸಿ ಇಡ್ತಿದ್ದೆ. ನಾ ಬರೂದ್ರಾಗ ಎರಡ ಗುಟಕ ಕುಡದಿರ್ತಿದ್ದ ಅಷ್ಟ, ಉಳದ ನೀರ ತುಂಬಿಟ್ಟ ಕೊಡದೊಳಗ ಹೊಳ್ಳಿ ಸುರೀತಿದ್ದೆ. ನಿನಗ ಗೊತ್ತಾದ್ರ ಸಿಟ್ಟಾಗ್ತಿ ಅಂತ. ರಾತ್ರಿ ಹೆಂಗೂ ನೀ ಇರ್ತಿಯಲ್ಲ, ಕುಡಸ್ತಿ ಅಂತ.’

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಅವರು ಬೈದಿದ್ದರೆ ಒಳ್ಳೆಯದಿತ್ತು. ಇಬ್ಬರ ಮುಖವನ್ನೂ ನೋಡಿ, ಮತ್ತೆ ಕಾಗದ ನೋಡಿ, ‘ಗಂಡುಬೆಕ್ಕಿನ ಮೂತ್ರದ ದಾರಿ ತುಂಬಾ ಸಣ್ಣದು. ಒಣ ಊಟ, ನೀರು ಸಾಲ್ದಿದ್ರೆ ಒಳಗೆ ಈ ಥರ ಮರಳು ಕಟ್ಟತ್ತೆ. ಹನಿ ಹನಿ ಹೋಗ್ತಿತ್ತಲ್ಲ, ಅವಾಗ್ಲೇ ಶುರುವಾಗಿತ್ತು’ ಎಂದರು.

‘ನೀರ ಕೊಟ್ಟಿದ್ರ?’ ಎಂದು ಚನ್ನಕ್ಕ ಕೇಳಿದಳು.

ಡಾಕ್ಟರು ಸುಳ್ಳು ಹೇಳುವ ಮನುಷ್ಯನಲ್ಲ. ‘ನೀರು ಕುಡಿಯೋ ಬೆಕ್ಕಿಗೂ ಕೆಲವು ಸಲ ಬರತ್ತೆ ಅಮ್ಮ. ಆದ್ರೆ ನೀರಿದ್ದು, ಎರಡು ದಿನ ಮುಂಚೆ ತಂದಿದ್ರೆ, ಬಹಳಷ್ಟು ಉಳ್ಕೊಳ್ತವೆ’ ಎಂದರು.

ಮಧ್ಯಾಹ್ನದವರೆಗೂ ಇಬ್ಬರೂ ಅಲ್ಲೇ ಕೂತರು. ಧಣಿ ಮೇಜಿನ ಮೇಲೆ ಟವೆಲ್ಲಿನಲ್ಲಿ ಮಲಗಿದ್ದ. ಕಣ್ಣು ತೆರೆದಿದ್ದವು, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ಎರಡು ಗಂಟೆಯ ಹೊತ್ತಿಗೆ ಉಸಿರು ತಡೆ ತಡೆದು ಬರತೊಡಗಿತು. ಚನ್ನಕ್ಕ ಎದ್ದು ಡಾಕ್ಟರ ಹತ್ತಿರ ಹೋದಳು.

‘ಸರ್, ಬಾಯಿಗೆ ಒಂದ ಹನಿ ನೀರ ಹಾಕ್ಲೇನ್ರಿ?’

ಡ್ರಿಪ್ಪಿನಲ್ಲಿ ಹೋಗುತ್ತಿರುವುದೂ ನೀರೇ ಎಂದು ಡಾಕ್ಟರು ಹೇಳಲು ಹೊರಟರು. ಅವಳ ಮುಖ ನೋಡಿ ಹೇಳಲಿಲ್ಲ. ಒಂದು ಲೋಟದಲ್ಲಿ ತಾವೇ ನೀರು ತಂದು ಕೊಟ್ಟು, ‘ನಾಲಿಗೆಗೆ ಮುಟ್ಟಿಸಿ ಸಾಕು’ ಎಂದರು. ಚನ್ನಕ್ಕ ಬೆರಳು ಅದ್ದಿ ಅವನ ತುಟಿಗೆ ಇಟ್ಟಳು. ಒಣಗಿ ಒರಟಾದ ನಾಲಿಗೆ ಹೊರಬಂದು ಬೆರಳನ್ನು ಒಂದು ಸಲ ನೆಕ್ಕಿತು. ಅವಳು ಮತ್ತೆ ಅದ್ದಿದಳು. ಮತ್ತೆ ಅದ್ದಿದಳು. ನಾಲ್ಕನೆಯ ಸಲಕ್ಕೆ ನಾಲಿಗೆ ಬರಲಿಲ್ಲ. ಆದರೂ ಅವಳು ಅದ್ದುತ್ತಲೇ ಇದ್ದಳು. ಬಸಲಿಂಗ ಬಂದು ಅವಳ ಮಣಿಕಟ್ಟು ಹಿಡಿದುಕೊಂಡ.

ಮಣ್ಣು ಮಾಡುವುದಕ್ಕೆ ಅವರಿಗೆ ಈ ಊರಲ್ಲಿ ಅಂಗೈಯಗಲ ನೆಲವೂ ಇರಲಿಲ್ಲ. ಟವೆಲ್ಲಿನ ಗಂಟು ಎದೆಗವಚಿಕೊಂಡು ವಠಾರದೊಳಗೆ ಬಂದಾಗ ಪಿಳ್ಳಮ್ಮ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ನೋಡಿದ ಕೂಡಲೇ ಎದ್ದು ನಿಂತಳು. ತನ್ನ ಮನೆಯ ಹಿಂದೆ ಉಳಿದಿದ್ದ ತುಂಡು ಜಾಗಕ್ಕೆ ಕರೆದುಕೊಂಡು ಹೋಗಿ, ಸೀಬೆಗಿಡದ ಬುಡ ತೋರಿಸಿ, ಹಾರೆಯನ್ನೂ ಅವಳೇ ತಂದುಕೊಟ್ಟಳು. ಬಸಲಿಂಗ ಅಗೆದ. ಆಗ ಚನ್ನಕ್ಕ ಎಲ್ಲವನ್ನೂ ಅವಳಿಗೆ ಹೇಳಿದಳು. ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುವಂತಿತ್ತು.

ಪಿಳ್ಳಮ್ಮ ಸೆರಗು ಬಾಯಿಗೆ ಹಿಡಿದಳು. ‘ನಾನ್ ಎರಡ್ ದಿನ ಕೂಗಾಡಿ ಸುಮ್ಕಾಗ್ತಿದ್ದೆ ಕಣವ್ವಾ. ನಿನ್ ಮನೆ ಬುಡುಸ್ತಿದ್ನಾ ನಾನು? ಒಂದ್ ಬಕೆಟ್ ನೀರ್ ಕೊಡು ಕೌದಿ ಒಗ್ಕೊಂತೀನಿ ಅಂದಿದ್ರೆ ಕೊಡ್ತಿರ್ಲಿಲ್ವಾ?’

ಕೊಡುತ್ತಿದ್ದಳೋ ಇಲ್ಲವೋ, ದೇವರೇ ಬಲ್ಲ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎನ್ನುತ್ತಾರೆ. ಆದರೆ ಚನ್ನಕ್ಕ ಕೇಳಿರಲಿಲ್ಲ ಎಂಬುದಂತೂ ನಿಜ. ಗಂಡನನ್ನೂ ಕೇಳಿರಲಿಲ್ಲ, ಮಂಜುಶ್ರೀ ಮೇಡಂ ಅವರನ್ನೂ ಕೇಳಿರಲಿಲ್ಲ. ಎಲ್ಲರಿಗೂ ಅಂಜಿ, ಅಂಜಿಕೆಯನ್ನೆಲ್ಲ ಕೂಡಿಸಿ ಧಣಿಯೊಬ್ಬನ ಬಾಯಿಗೆ ಕಟ್ಟಿದ್ದಳು.

ಮನೆಯೊಳಗೆ ಬಂದು ಇಬ್ಬರೂ ಎದುರುಬದುರು ಗೋಡೆಗೆ ಒರಗಿ ಕೂತರು. ದೀಪ ಹಚ್ಚಲಿಲ್ಲ, ಒಲೆ ಹಚ್ಚಲಿಲ್ಲ. ಭಾನುವಾರವಾದ್ದರಿಂದ ಯಾರಿಗೂ ಎಲ್ಲಿಗೂ ಹೋಗುವುದಿರಲಿಲ್ಲ. ಕತ್ತಲಾದ ಮೇಲೆ ಬಸಲಿಂಗ ಮಾತಾಡಿದ.

‘ನೀ ಒಬ್ಬಾಕಿ ಎತ್ತಿಟ್ಟಿದ್ರ ಬದಕ್ತಿದ್ದ. ನಾ ಒಬ್ಬಾಂವ ಎತ್ತಿಟ್ಟಿದ್ರೂ ಬದಕ್ತಿದ್ದ.’

ಚನ್ನಕ್ಕ ಮೂಲೆಯ ಮರಳಿನ ಬೇಸಿನ್ನನ್ನೇ ನೋಡುತ್ತಿದ್ದಳು.

‘ನನ್ನ ಬೈ’ ಎಂದ ಅವನು. ‘ಒಂದ ಸಲ ಬೈದ ಬಿಡು.’

‘ನೀವೂ ಬೈರಿ’ ಎಂದಳು ಅವಳು.

ಯಾರೂ ಬೈಯಲಿಲ್ಲ. ಎರಡು ಕೂಸುಗಳನ್ನು ಮಣ್ಣಿಗೆ ಇಟ್ಟಾಗಲೂ ಕಣ್ಣೀರು ಹಾಕದ ಗಂಡಸು ಮೊಣಕಾಲಿಗೆ ಹಣೆ ಹಚ್ಚಿ ದನಿ ತೆಗೆದು ಅತ್ತ. ಕೂಸು ಹೋದ ಆ ದಿನಗಳಲ್ಲಿ ಅವಳು ‘ಇದು ದೇವರ ಇಚ್ಛಾ, ನಿಮ್ಮ ತಪ್ಪಲ್ಲ’ ಎಂದು ಅವನ ತಲೆ ಹಿಡಿದುಕೊಂಡಿದ್ದಳು. ಈಗಲೂ ಎದ್ದು ಹತ್ತಿರ ಹೋದಳು, ತಲೆ ಹಿಡಿದುಕೊಂಡಳು. ಬಾಯಿ ತೆರೆದಳು. ಆ ಮಾತನ್ನು ಮಾತ್ರ ಆಡಲು ಅವಳಿಗೆ ಆಗಲಿಲ್ಲ.